ಕೈಗಾರಿಕೋತ್ಪಾದನೆಯಲ್ಲಿ ನಮ್ಯತೆ: ಲಗ್ಗೆರೆ–ಪೀಣ್ಯ ಪ್ರದೇಶವನ್ನು ಕುರಿತು ಒಂದು ವಿವೇಚನೆ

ಆಧುನಿಕ ಕೈಗಾರಿಕೆಯ ವಿಷಯವಾಗಿ ವಿಚಾರ ಮಾಡುವಾಗ ಸಾಮಾನ್ಯವಾಗಿ ಅದರ ಗಾತ್ರ ಮತ್ತು ವೇಗಗಳೇ ನಮ್ಮ ಗಮನವನ್ನು ಸೆಳೆಯುತ್ತವೆ. ಎಷ್ಟು ಯಂತ್ರಗಳಿವೆ, ದಿನಕ್ಕೆ ಎಷ್ಟು ಪದಾರ್ಥಗಳು ಸಿದ್ಧವಾಗುತ್ತವೆ, ಒಂದೊಂದಕ್ಕೆ ತಗಲುವ ವೆಚ್ಚವೆಷ್ಟು ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಇವುಗಳಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯುಂಟು: ನಾಳೆ ಬೇರೊಂದು ಪದಾರ್ಥ ಬೇಕಾದರೆ ಈ ಕಾರ್ಖಾನೆ ಅದನ್ನು ಮಾಡಬಲ್ಲುದೆ? ಮಾಡುವುದಾದರೆ ಎಷ್ಟು ಕಾಲದಲ್ಲಿ, ಎಷ್ಟು ವೆಚ್ಚದಲ್ಲಿ, ಯಾರ ಶ್ರಮದಿಂದ? ಈ ಪ್ರಶ್ನೆಗೆ ಸಂಬಂಧಪಟ್ಟ ಗುಣವನ್ನು ನಮ್ಯತೆ ಎಂದು ಕರೆಯಬಹುದು.

ಇಲ್ಲಿ ಎರಡು ಅರ್ಥಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಇರುವ ಯಂತ್ರಗಳನ್ನೂ ಕೆಲಸಗಾರರನ್ನೂ ಇಟ್ಟುಕೊಂಡೇ ಇಂದು ಒಂದು ಬಗೆಯ ಭಾಗವನ್ನು, ನಾಳೆ ಇನ್ನೊಂದು ಬಗೆಯ ಭಾಗವನ್ನು ತಯಾರಿಸುವ ಶಕ್ತಿ ಮೊದಲನೆಯದು. ಇದು ದೈನಂದಿನ ನಮ್ಯತೆ. ಬೇಡಿಕೆಯೇ ಬದಲಾದಾಗ ಹಳೆಯ ವೃತ್ತಿಯನ್ನು ಬಿಟ್ಟು ಹೊಸದನ್ನು ಕೈಕೊಳ್ಳುವ ಶಕ್ತಿ ಎರಡನೆಯದು. ಇದನ್ನು ಪರಿವರ್ತನಶೀಲತೆ ಎನ್ನೋಣ. ಮೊದಲನೆಯದಿರುವ ಕಡೆ ಎರಡನೆಯದು ಇದ್ದೇ ಇರುತ್ತದೆಂದು ಹೇಳಲಾಗದು.

ಈ ಎರಡು ಗುಣಗಳನ್ನು ಪರೀಕ್ಷಿಸಲು ಬೆಂಗಳೂರಿನ ಪಶ್ಚಿಮ ಭಾಗಕ್ಕಿಂತ ಉಚಿತವಾದ ಕ್ಷೇತ್ರ ನಮ್ಮ ನಾಡಿನಲ್ಲಿ ವಿರಳ. ತುಮಕೂರು ರಸ್ತೆಯ ದಕ್ಷಿಣಕ್ಕೆ, ಹೊರವರ್ತುಲ ರಸ್ತೆಯ ಬದಿಯಲ್ಲಿರುವ ಲಗ್ಗೆರೆ ಹಿಂದೆ ಒಂದು ಹಳ್ಳಿ. ಪಕ್ಕದ ಪೀಣ್ಯದಲ್ಲಿ 1970ರ ದಶಕದಿಂದ ಕೈಗಾರಿಕಾ ಪ್ರದೇಶ ಬೆಳೆದಂತೆ ಅದು ಕಾರ್ಮಿಕರ ವಸತಿಯೂ ಕಿರುಕಾರ್ಖಾನೆಗಳ ನೆಲೆಯೂ ಆಯಿತು. ಮನೆಗಳ ಸಾಲಿನಲ್ಲಿಯೇ ಲೇತ್, ಡ್ರಿಲ್ಲಿಂಗ್ ಯಂತ್ರಗಳ ಸದ್ದು ಕೇಳಿಬರುವ ಇಂಥ ಬಡಾವಣೆಗಳು ಇಲ್ಲಿಂದ ಕಾಮಾಕ್ಷಿಪಾಳ್ಯದವರೆಗೂ ಹಬ್ಬಿವೆ.

ಮಹೋತ್ಪಾದನೆಯ ಮಿತಿ

ಶ್ರಮವಿಭಜನೆಯು ಮಾರುಕಟ್ಟೆಯ ವಿಸ್ತಾರಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಆಡಂ ಸ್ಮಿತ್ 1776ರಲ್ಲಿಯೇ ಪ್ರತಿಪಾದಿಸಿದನು. ಈ ತತ್ತ್ವವು ತನ್ನ ತುತ್ತತುದಿಯನ್ನು ಮುಟ್ಟಿದ್ದು ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ. 1908ರಿಂದ 1927ರವರೆಗೆ ಅಲ್ಲಿ ‘ಟಿ’ ಮಾದರಿಯ ಒಂದೂವರೆ ಕೋಟಿಗೂ ಹೆಚ್ಚು ಮೋಟಾರುಗಳು ತಯಾರಾದವು. 1913ರಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಒಂದು ಗಾಡಿಯ ಚೌಕಟ್ಟನ್ನು ಜೋಡಿಸಲು ಹಿಂದೆ ಹನ್ನೆರಡು ಗಂಟೆಗಳಿಗೂ ಮೀರಿ ಬೇಕಾಗಿದ್ದ ಕಾಲ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ಈ ಸಾಧನೆಗೆ ಒಂದು ಬೆಲೆಯಿತ್ತು. ಅಲ್ಲಿನ ಯಂತ್ರಗಳಲ್ಲಿ ಹೆಚ್ಚಿನವು ಒಂದೇ ಭಾಗವನ್ನು ಮಾಡುವುದಕ್ಕಾಗಿ ನಿರ್ಮಿತವಾದವು. 1927ರಲ್ಲಿ ಜನರ ಅಭಿರುಚಿ ಬದಲಾಗಿ ‘ಎ’ ಮಾದರಿಗೆ ತಿರುಗಬೇಕಾದಾಗ ಸುಮಾರು ಆರು ತಿಂಗಳ ಕಾಲ ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ಆ ಅವಧಿಯಲ್ಲಿ ಸಾವಿರಾರು ಕಾರ್ಮಿಕರು ಕೆಲಸವಿಲ್ಲದೆ ಕುಳಿತರು. ಯಂತ್ರಕ್ಕಿಲ್ಲದ ನಮ್ಯತೆಯ ಹೊರೆಯನ್ನು ಅಂತಿಮವಾಗಿ ಮನುಷ್ಯನೇ ಹೊತ್ತನೆಂಬುದು ಇಲ್ಲಿ ಗಮನಾರ್ಹ.

ಇದರ ಮರ್ಮ ಒಂದು ಸರಳವಾದ ಲೆಕ್ಕದಿಂದ ವಿಶದವಾಗುತ್ತದೆ. ಒಂದು ಯಂತ್ರವನ್ನು ಹೊಸ ಭಾಗಕ್ಕೆ ಅಣಿಗೊಳಿಸಲು, ಎಂದರೆ ಕಾರ್ಖಾನೆಯ ಮಾತಿನಲ್ಲಿ ‘ಸೆಟ್ಟಿಂಗ್’ ಮಾಡಲು, 4 ಗಂಟೆಗಳೂ ಅನಂತರ ಒಂದೊಂದು ಭಾಗಕ್ಕೆ 3 ನಿಮಿಷಗಳೂ ಬೇಕೆಂದು ಭಾವಿಸೋಣ. 1,000 ಭಾಗಗಳನ್ನು ಮಾಡಿದರೆ ಒಟ್ಟು 54 ಗಂಟೆಗಳಾಗುತ್ತವೆ; ಒಂದೊಂದಕ್ಕೆ ಬೀಳುವ ಕಾಲ 3.24 ನಿಮಿಷ. ಕೇವಲ 20 ಭಾಗಗಳು ಬೇಕಾದರೆ ಒಟ್ಟು 5 ಗಂಟೆಗಳಾಗಿ, ಒಂದೊಂದಕ್ಕೆ 15 ನಿಮಿಷ ಬೀಳುತ್ತದೆ. ಆದುದರಿಂದ ಮಾಲೀಕನು ದೊಡ್ಡ ಸಂಖ್ಯೆಯನ್ನೇ ಬಯಸುತ್ತಾನೆ. ಈಗ ಸೆಟ್ಟಿಂಗಿನ ಕಾಲವನ್ನು 12 ನಿಮಿಷಗಳಿಗೆ ಇಳಿಸಬಹುದಾದರೆ, ಅದೇ 20 ಭಾಗಗಳು 72 ನಿಮಿಷಗಳಲ್ಲಿ, ಒಂದೊಂದು 3.6 ನಿಮಿಷದಂತೆ ಸಿದ್ಧವಾಗುತ್ತವೆ. ಅಲ್ಪಸಂಖ್ಯೆಯ ಉತ್ಪಾದನೆಗೂ ಮಹೋತ್ಪಾದನೆಗೂ ಇರುವ ಅಂತರ ಬಹುಮಟ್ಟಿಗೆ ಅಳಿದುಹೋಗುತ್ತದೆ. ನಮ್ಯತೆಯ ಆರ್ಥಿಕ ರಹಸ್ಯವು ಅಡಗಿರುವುದು ಈ ಅಣಿಗೊಳಿಸುವ ಕಾಲದಲ್ಲಿ.

ಈ ಕಾಲವನ್ನು ತಗ್ಗಿಸಲು ಎರಡು ಮಾರ್ಗಗಳಿಂದ ಪ್ರಯತ್ನ ನಡೆಯಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1952ರಲ್ಲಿ ರಂಧ್ರ ಹಾಕಿದ ಪಟ್ಟಿಯ ಸಂಖ್ಯಾಸೂಚನೆಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಇಂದಿನ ಸಿಎನ್‌ಸಿ ಯಂತ್ರಗಳು ಅದರ ಸಂತತಿ. ಕೆಲಸ ಬದಲಾದಾಗ ಇಲ್ಲಿ ಯಂತ್ರದ ಅಂಗಗಳನ್ನು ಬದಲಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಕೊಡುವ ಆದೇಶವನ್ನು ಬದಲಿಸುತ್ತಾರೆ. ಇನ್ನೊಂದು ಮಾರ್ಗ ಜಪಾನಿನದು. ಟೊಯೊಟಾ ಕಾರ್ಖಾನೆಯ ದೊಡ್ಡ ಪ್ರೆಸ್ಸುಗಳಲ್ಲಿ ಡೈಗಳನ್ನು ಬದಲಿಸಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಯಂತ್ರವನ್ನು ನಿಲ್ಲಿಸುವ ಮೊದಲೇ ಮಾಡಬಹುದಾದ ಕೆಲಸಗಳನ್ನು ಪ್ರತ್ಯೇಕಿಸಿ, ಶಿಗಿಯೊ ಶಿಂಗೊ ಮೊದಲಾದವರು ಆ ಕಾಲವನ್ನು 1970ರ ಸುಮಾರಿಗೆ ನಿಮಿಷಗಳ ಲೆಕ್ಕಕ್ಕೆ ತಂದರು. ಮೊದಲನೆಯ ಮಾರ್ಗಕ್ಕೆ ಬಂಡವಾಳ ಬೇಕು. ಎರಡನೆಯದಕ್ಕೆ ಕೆಲಸವನ್ನು ಬಲ್ಲ ಕಾರ್ಮಿಕನ ವಿವೇಚನೆ ಬೇಕು.

ನೆರೆಹೊರೆಯ ನಮ್ಯತೆ

ಬಂಡವಾಳ ಸಾಲದ ಕಡೆ ಮೂರನೆಯ ಮಾರ್ಗವೊಂದುಂಟು. ಲಗ್ಗೆರೆ–ಪೀಣ್ಯಗಳಲ್ಲಿ ಕಾಣುವುದು ಮುಖ್ಯವಾಗಿ ಅದೇ. ಇಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಎಲ್ಲ ಕೆಲಸಗಳೂ ನಡೆಯುವುದಿಲ್ಲ. ಎರಕ ಒಂದು ಫೌಂಡ್ರಿಯಲ್ಲಿ, ತಿರುವುವ ಕೆಲಸ ಇನ್ನೊಂದು ಶೆಡ್ಡಿನಲ್ಲಿ, ಗ್ರೈಂಡಿಂಗ್ ಮತ್ತೊಂದರಲ್ಲಿ, ಉಕ್ಕನ್ನು ಕಾಯಿಸಿ ಹದಗೊಳಿಸುವುದೂ ಪ್ಲೇಟಿಂಗೂ ಬೇರೆ ಬೇರೆ ಕಡೆಗಳಲ್ಲಿ ನಡೆಯುತ್ತವೆ. ಹೊಸ ಭಾಗವೊಂದರ ನಕ್ಷೆ ಬಂದಾಗ ಮಾಲೀಕನು ಹೊಸ ಯಂತ್ರವನ್ನು ಕೊಳ್ಳದೆ ಅದನ್ನು ಮಾಡಬಲ್ಲ ನೆರೆಯವನನ್ನು ಹುಡುಕುತ್ತಾನೆ. ಹೀಗೆ ‘ಜಾಬ್ ವರ್ಕ್’ ಎಂದು ಎಲ್ಲರೂ ಕರೆಯುವ ಪದ್ಧತಿಯಿಂದ, ಬಿಡಿಬಿಡಿಯಾಗಿ ಅಲ್ಪಶಕ್ತವಾದ ಘಟಕಗಳು ಒಟ್ಟಿನಲ್ಲಿ ಒಂದು ಮಹಾಕಾರ್ಖಾನೆಯಂತೆ ವರ್ತಿಸುತ್ತವೆ. ಆ ಮಹಾಕಾರ್ಖಾನೆಯ ಅಂಗಗಳನ್ನು ಬೇಕಾದಂತೆ ಮರುಜೋಡಿಸಬಹುದು.

ಇಟಲಿಯ ಎಮಿಲಿಯಾ–ರೊಮಾನ್ಯ ಪ್ರಾಂತದ ಸಣ್ಣ ಕೈಗಾರಿಕೆಗಳಲ್ಲಿ ಇದೇ ಬಗೆಯ ವ್ಯವಸ್ಥೆಯಿದೆ. ಅದನ್ನು ಗಮನಿಸಿದ ಪಿಯೋರೆ ಮತ್ತು ಸೇಬೆಲ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಮಹೋತ್ಪಾದನೆಗೆ ಪ್ರತಿಯಾಗಿ ‘ನಮ್ಯ ವಿಶೇಷಜ್ಞತೆ’ಯ ಮಾರ್ಗವೊಂದುಂಟೆಂದು ವಾದಿಸಿದರು. ಬೆಂಗಳೂರಿನ ಕಾರ್ಮಿಕರನ್ನು ದೀರ್ಘಕಾಲ ಅಭ್ಯಸಿಸಿದ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಮ್ ಅವರು ಈ ಪರಿಕಲ್ಪನೆಯನ್ನು ನಮ್ಮ ನಗರಕ್ಕೆ ಅನ್ವಯಿಸಿ 1994ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಾರ್ಮಿಕರು ಹೇರಳವಾಗಿರುವ ಅರ್ಥವ್ಯವಸ್ಥೆಯಲ್ಲಿ ಇಂಥ ವಿಶೇಷಜ್ಞತೆ ಸಾಧ್ಯವೆ ಎಂಬ ಪ್ರಶ್ನೆಯನ್ನು ಅವರು ಶೀರ್ಷಿಕೆಯಲ್ಲಿಯೇ ಇಟ್ಟರು. ಪ್ರಶ್ನೆ ಇಂದಿಗೂ ಸಜೀವವಾಗಿದೆ.

ಈ ನೆರೆಹೊರೆ ತಾನಾಗಿ ಹುಟ್ಟಿದುದಲ್ಲ. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ರಾಜಾಜಿನಗರದ ಕೈಗಾರಿಕಾ ವಸಾಹತು ರೂಪುಗೊಂಡಿತು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆಯೂ, ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಆರಂಭವಾದವು. ದೊಡ್ಡ ಕಾರ್ಖಾನೆಗಳು ಬೇಡಿಕೆಯನ್ನೂ ನುರಿತ ಕೈಗಳನ್ನೂ ಒದಗಿಸಿದವು. ಅಲ್ಲಿ ಪಳಗಿದ ಎಷ್ಟೋ ಮಂದಿ ಟರ್ನರುಗಳೂ ಫಿಟ್ಟರುಗಳೂ ಮುಂದೆ ಸ್ವಂತ ಶೆಡ್ಡುಗಳನ್ನು ತೆರೆದರು. ಇಂದು ನಾವು ಖಾಸಗಿ ಸಾಹಸದ ಫಲವೆಂದು ಮೆಚ್ಚುವ ಈ ನಮ್ಯತೆಯ ಹಿಂದೆ ಸಾರ್ವಜನಿಕ ಹಣದಿಂದ ನಡೆದ ಶಿಕ್ಷಣವಿದೆ.

ಎರಡು ನಿದರ್ಶನಗಳು

ಪರಿವರ್ತನಶೀಲತೆಯ ಕಷ್ಟಸಾಧ್ಯತೆಯನ್ನು ಎಚ್‌ಎಂಟಿಯ ಚರಿತ್ರೆ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಲೇತ್‌ಗಳ ತಯಾರಿಕೆಯನ್ನು ಆರಂಭಿಸಿದ ಈ ಸಂಸ್ಥೆ 1960ರ ದಶಕದ ಮೊದಲಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಗಡಿಯಾರಗಳಿಗೂ ಕೈಹಾಕಿತು. ಮೂರನೆಯ ಯೋಜನೆ ಮುಗಿದು ಬಂಡವಾಳ ಹೂಡಿಕೆ ಕುಗ್ಗಿದಾಗ ಯಂತ್ರೋಪಕರಣಗಳ ಬೇಡಿಕೆ ಬಿದ್ದುಹೋಯಿತು. ಆಗ ಸಂಸ್ಥೆಯು ತನ್ನ ಕಾರ್ಯಕ್ಷೇತ್ರವನ್ನು ಇನ್ನಷ್ಟು ವಿಸ್ತರಿಸಿ, 1970ರ ದಶಕದಲ್ಲಿ ಟ್ರ್ಯಾಕ್ಟರು, ಮುದ್ರಣಯಂತ್ರ, ವಿದ್ಯುದ್ದೀಪಗಳನ್ನೂ ತಯಾರಿಸಿತು. ಒಂದು ಕುಸಿತದಿಂದ ಅದು ಪಾರಾದ ರೀತಿ ಪ್ರಶಂಸನೀಯ. ಆದರೆ ಮಾರುಕಟ್ಟೆ ಕ್ವಾರ್ಟ್ಜ್ ಗಡಿಯಾರಗಳ ಕಡೆ ತಿರುಗಿದಾಗ, ಆ ತಂತ್ರವನ್ನು ತಾನೇ ಬಲ್ಲುದಾಗಿದ್ದರೂ, ಯಾಂತ್ರಿಕ ಗಡಿಯಾರಕ್ಕಾಗಿ ಕಟ್ಟಿದ ತನ್ನ ದೊಡ್ಡ ವ್ಯವಸ್ಥೆಯನ್ನು ಅದು ತಕ್ಕ ವೇಗದಲ್ಲಿ ಬದಲಿಸಲಾರದೆ ಹೋಯಿತು. 1987ರಿಂದ ಹೊಸೂರಿನಲ್ಲಿ ಟೈಟನ್ ಗಡಿಯಾರಗಳ ಉತ್ಪಾದನೆ ನಡೆದು, ಪೈಪೋಟಿ ತೀವ್ರವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಪದಾರ್ಥಗಳ ಪಟ್ಟಿಯನ್ನು ಉದ್ದಮಾಡುವುದು ಬೇರೆ, ಒಂದೊಂದು ಪದಾರ್ಥದ ಒಳಗೇ ಬದಲಾಗುವ ಶಕ್ತಿಯನ್ನು ಉಳಿಸಿಕೊಳ್ಳುವುದು ಬೇರೆ ಎಂಬ ಪಾಠ ಇದರಲ್ಲಿದೆ.

ಇದಕ್ಕೆ ವಿರುದ್ಧವಾದ ನಿದರ್ಶನ 2020ರದು. ಕೊರೋನಾ ವ್ಯಾಧಿ ಹರಡಿದಾಗ ಕೃತಕ ಉಸಿರಾಟದ ಯಂತ್ರಗಳಿಗಾಗಿ ದೇಶ ಪರದಾಡಿತು. ಕೇಂದ್ರ ಸರ್ಕಾರ 30,000 ಯಂತ್ರಗಳ ತಯಾರಿಕೆಯನ್ನು, ರೇಡಾರ್ ಮೊದಲಾದ ರಕ್ಷಣಾ ಸಾಮಗ್ರಿಗಳಿಗೆ ಹೆಸರಾದ ಭಾರತ್ ಎಲೆಕ್ಟ್ರಾನಿಕ್ಸ್‌ಗೆ ವಹಿಸಿತು. ಮೂಲ ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯದು. ರಕ್ಷಣಾ ಸಂಶೋಧನಾ ಸಂಸ್ಥೆ ಅದರ ಸುಧಾರಣೆಗೆ ನೆರವಾಯಿತು. ಪರದೇಶಗಳಿಂದ ಬರುತ್ತಿದ್ದ ಕವಾಟ, ಸಂವೇದಕಗಳಂಥ ಸೂಕ್ಷ್ಮ ಭಾಗಗಳನ್ನು ದೇಶದಲ್ಲಿಯೇ ಮಾಡಬೇಕಾಯಿತು. ವಿನ್ಯಾಸಕಾರರು, ಎಂಜಿನಿಯರುಗಳು ಮತ್ತು ಭಾಗಗಳನ್ನು ಒದಗಿಸುವವರು ಒಟ್ಟಾಗಿ ದುಡಿದುದರಿಂದ ಕೆಲವೇ ತಿಂಗಳುಗಳಲ್ಲಿ ಯಂತ್ರಗಳು ಆಸ್ಪತ್ರೆಗಳಿಗೆ ಹೊರಟವು. ಇಲ್ಲಿ ನಮ್ಯತೆಯಿದ್ದುದು ಒಂದು ಯಂತ್ರದಲ್ಲಲ್ಲ, ಜನರ ಜ್ಞಾನದಲ್ಲಿ ಮತ್ತು ಸಂಸ್ಥೆಗಳ ಪರಸ್ಪರ ಸಂಬಂಧದಲ್ಲಿ.

ಹೊರೆ ಯಾರದು?

ನಮ್ಯತೆಯನ್ನು ಪಡೆಯಲು ಇನ್ನೊಂದು ಅಗ್ಗದ ದಾರಿಯೂ ಇದೆ. ಬೇಡಿಕೆಯಿದ್ದಾಗ ಜನರನ್ನು ಕರೆದು, ಇಲ್ಲದಾಗ ಕಳುಹಿಸಿಬಿಡುವುದೇ ಅದು. ಗುತ್ತಿಗೆ ಕಾರ್ಮಿಕ ಪದ್ಧತಿಯೂ ಹೆಚ್ಚುಕಡಿಮೆಯಾಗುವ ದುಡಿಮೆಯ ಅವಧಿಯೂ ಇದರ ಸಾಧನಗಳು. 2023ರಲ್ಲಿ ಕರ್ನಾಟಕದ ವಿಧಾನಮಂಡಲವು ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಗಳ ಮಿತಿಗೆ ಒಳಪಟ್ಟು ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ಮಾಡಿಕೊಟ್ಟಿತು. ಇದನ್ನು ಉದ್ಯಮಿಗಳು ಸೌಕರ್ಯವೆಂದರು, ಕಾರ್ಮಿಕ ಸಂಘಗಳು ಶೋಷಣೆಯೆಂದವು.

ಸಿದ್ಧ ಉಡುಪುಗಳ ಕಾರ್ಖಾನೆಗಳಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಋತುಮಾನಕ್ಕೆ ತಕ್ಕಂತೆ ಬದಲಾಗುವ ಪರದೇಶದ ಬೇಡಿಕೆಯನ್ನು ಪೂರೈಸುವ ಹೊಣೆ, ಬಹುಸಂಖ್ಯೆಯಲ್ಲಿ ಹೆಂಗಸರೇ ಆಗಿರುವ ಕಾರ್ಮಿಕರ ಮೇಲೆ ಬೀಳುತ್ತದೆ. 2016ರಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ವಯಸ್ಸಿನವರೆಗೆ ಹಿಂತೆಗೆಯಬಾರದೆಂದು ನಿಯಮ ಮಾಡಿದಾಗ, ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ಸಾವಿರಾರು ಮಂದಿ ಹೆಣ್ಣುಮಕ್ಕಳು ಬೀದಿಗಿಳಿದರು. ನಿಯಮವು ಕೂಡಲೇ ರದ್ದಾಯಿತು. ಮುಪ್ಪಿಗೆಂದು ಇಟ್ಟ ಹಣಕ್ಕಾಗಿ ಯೌವನದಲ್ಲಿಯೇ ಇಷ್ಟು ಕಳವಳವೇಕೆಂದು ಹೊರಗಿನವರಿಗೆ ತೋರಬಹುದು. ಒಂದು ಕೆಲಸ ಬಿಟ್ಟು ಇನ್ನೊಂದು ಸಿಕ್ಕುವವರೆಗೆ ಮನೆ ಬಾಡಿಗೆಗೂ ಮಕ್ಕಳ ಶಾಲೆಗೂ ಆಧಾರವಾಗುವ ಗಂಟು ಅದೇ ಆಗಿತ್ತೆಂಬುದನ್ನು ತಿಳಿದರೆ ಕಾರಣ ಸ್ಪಷ್ಟವಾಗುತ್ತದೆ. ಉದ್ಯಮದ ನಮ್ಯತೆಗೆ ಬೇಕಾದ ವಿಮೆಯನ್ನು ಕಾರ್ಮಿಕರು ತಮ್ಮ ಉಳಿತಾಯದಿಂದಲೇ ಕಟ್ಟುತ್ತಿದ್ದರು.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ನಮ್ಯತೆ ಯಂತ್ರದಲ್ಲಿರಬಹುದು, ಕಾರ್ಮಿಕನ ಕೌಶಲದಲ್ಲಿರಬಹುದು, ಘಟಕಗಳ ಸಹಕಾರದಲ್ಲಿರಬಹುದು. ಈ ಮೂರರಲ್ಲಿಯೂ ಇಲ್ಲದಿದ್ದರೆ ಅದನ್ನು ಕಾರ್ಮಿಕನ ಜೀವನೋಪಾಯದಿಂದ ಕಿತ್ತುಕೊಳ್ಳಬೇಕಾಗುತ್ತದೆ. ಮೊದಲ ಮೂರು ಬಗೆಗಳು ಬಳಸಿದಷ್ಟೂ ಬೆಳೆಯತಕ್ಕವು, ನಾಲ್ಕನೆಯದು ಬಳಸಿದಷ್ಟೂ ಸವೆಯತಕ್ಕದ್ದು. ಏಕೆಂದರೆ ಮೇಲಿಂದ ಮೇಲೆ ಕೆಲಸ ಕಳೆದುಕೊಳ್ಳುವವನು ಒಂದು ಕಸುಬಿನಲ್ಲಿ ಪಳಗುವ ಅವಕಾಶವನ್ನೇ ಪಡೆಯುವುದಿಲ್ಲ. ನುರಿತ ಕೈ ಇಲ್ಲದ ಕಡೆ ಉತ್ತಮ ಯಂತ್ರವೂ ನೆರೆಹೊರೆಯ ಸಹಕಾರವೂ ಫಲ ಕೊಡವು. ಒಂದು ಕಾರ್ಖಾನೆ ನಮ್ಯವಾಗಿದೆಯೆಂದು ಕೇಳಿದಾಗ, ಅಲ್ಲಿ ಬಾಗುತ್ತಿರುವುದು ಯಾವುದೆಂದು ವಿಚಾರಿಸುವುದು ಅರ್ಥಶಾಸ್ತ್ರದ ವಿದ್ಯಾರ್ಥಿಯ ಮೊದಲ ಕರ್ತವ್ಯ. ಅದಕ್ಕೆ ಬೇಕಾದ ಸಾಮಗ್ರಿ ಲಗ್ಗೆರೆಯ ಓಣಿಗಳಲ್ಲಿ ಧಾರಾಳವಾಗಿದೆ. ಒಂದು ಭಾಗ ಎಷ್ಟು ಶೆಡ್ಡುಗಳನ್ನು ಹಾದುಬರುತ್ತದೆ, ಅಲ್ಲಿನ ಕಾರ್ಮಿಕ ಎಷ್ಟು ವರ್ಷಗಳಿಂದ ಅದೇ ಕಸುಬಿನಲ್ಲಿದ್ದಾನೆ, ಅವನ ಕೈಕೆಳಗೆ ಎಷ್ಟು ಮಂದಿ ಹುಡುಗರು ಕೆಲಸ ಕಲಿಯುತ್ತಿದ್ದಾರೆ ಎಂಬುದನ್ನು ಬರೆದಿಟ್ಟುಕೊಳ್ಳುವುದರಿಂದ ಅಂಥ ಅಧ್ಯಯನ ಆರಂಭವಾಗಬಹುದು.