ಹಿಮಗಾಲದಲ್ಲಿ ಕಾಡಿನ ಉಸಿರು

ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡಿರುವ ನಮ್ಮಲ್ಲಿ ಅನೇಕರು, ಎಲೆಯುದುರಿ ಹಿಮದ ನಡುವೆ ನಿಂತ ಕಾಡು ಸತ್ತಂತೆಯೇ ಸರಿ ಎಂದು ಭಾವಿಸುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ಯಥಾರ್ಥವೆಂಬುದನ್ನು ಈ ದಿನ ವಿಚಾರಮಾಡೋಣ. ಇದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಹಾರ್ವರ್ಡ್ ಅರಣ್ಯವೇ ತಕ್ಕ ನಿದರ್ಶನ. ಓಕ್, ಮೇಪಲ್ ಮೊದಲಾದ ಎಲೆಯುದುರುವ ಮರಗಳು ಅಲ್ಲಿ ಹೆಚ್ಚು.

ಬೇಸಗೆಯಲ್ಲಿ ಎಲೆಗಳು ಬಿಸಿಲಿನ ಬಲದಿಂದ ಇಂಗಾಲಾಮ್ಲವಾಯುವನ್ನು ಹೀರಿ, ಅದರೊಳಗಿನ ಇಂಗಾಲವನ್ನು ಮರದ ಮೈಗೆ ಕೂಡಿಸುತ್ತವೆ. ಇದು ಕಾಡಿನ ಆದಾಯ. ಬೇರು, ಕಾಂಡ, ತರಗೆಲೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು, ಇವೆಲ್ಲ ಉಸಿರಾಡುವಾಗ ಅದೇ ವಾಯುವು ಹೊರಬೀಳುತ್ತದೆ. ಇದು ವೆಚ್ಚ. ಚಳಿಗಾಲದಲ್ಲಿ ಆದಾಯವು ಬಹುಮಟ್ಟಿಗೆ ನಿಲ್ಲುತ್ತದೆ, ವೆಚ್ಚವು ನಿಲ್ಲುವುದಿಲ್ಲ. ಸುಗ್ಗಿ ಮುಗಿದ ಮೇಲೂ ಮನೆಯ ಒಲೆ ಉರಿಯಲೇಬೇಕಷ್ಟೆ.

ಅಷ್ಟು ಶೀತದಲ್ಲಿ ಸೂಕ್ಷ್ಮಜೀವಿಗಳು ಬದುಕುವ ಬಗೆ ಹೇಗೆ? ಇದರ ರಹಸ್ಯವು ಹಿಮದಲ್ಲಿಯೇ ಇದೆ. ಹೊಸದಾಗಿ ಬಿದ್ದ ಹಿಮದ ಹೆಚ್ಚು ಭಾಗ ಗಾಳಿಯೇ. ಆದುದರಿಂದ ಅದು ಕಂಬಳಿಯಂತೆ ನೆಲದ ಶಾಖವನ್ನು ಕಾಪಾಡುತ್ತದೆ. ಮೇಲೆ ಗಾಳಿಯು ಸೊನ್ನೆಗಿಂತ ಬಹಳ ಕೆಳಕ್ಕೆ ತಣಿದಿದ್ದರೂ, ದಟ್ಟವಾದ ಹಿಮದ ಅಡಿಯ ಮಣ್ಣು ಸೊನ್ನೆಯ ಆಸುಪಾಸಿನಲ್ಲಿಯೇ ಇರುತ್ತದೆ. ಮಣ್ಣಿನ ಕಣಗಳ ಸುತ್ತ ಹೆಪ್ಪುಗಟ್ಟದೆ ಉಳಿದ ನೀರಿನ ತೆಳುಪೊರೆಯಲ್ಲಿ ಜೀವವ್ಯಾಪಾರವು ಮೆಲ್ಲನೆ ಸಾಗುತ್ತದೆ. ಹುಟ್ಟಿದ ವಾಯುವು ಹಿಮದ ಸಂದುಗಳೊಳಗಿಂದ ಮೇಲೇರಿ ಆಕಾಶವನ್ನು ಸೇರುತ್ತದೆ.

ಇದನ್ನು ಅಳೆಯುವುದಕ್ಕಾಗಿ ಮರಗಳ ತಲೆಗಿಂತ ಎತ್ತರವಾದ, ಸುಮಾರು 30 ಮೀಟರಿನ ಗೋಪುರವೊಂದನ್ನು ಅಲ್ಲಿ ನಿಲ್ಲಿಸಿರುತ್ತಾರೆ. ಏರುವ ಗಾಳಿಯಲ್ಲಿ ಈ ವಾಯುವೆಷ್ಟು, ಇಳಿಯುವ ಗಾಳಿಯಲ್ಲೆಷ್ಟು ಎಂಬುದನ್ನು ಯಂತ್ರಗಳು ಸೆಕೆಂಡಿಗೆ ಹಲವು ಸಲ ಗುರುತಿಸುತ್ತವೆ. ಏರುವ ಗಾಳಿಯಲ್ಲಿ ಹೆಚ್ಚಾಗಿದ್ದರೆ ಕಾಡು ಉಸಿರು ಬಿಡುತ್ತಿದೆಯೆಂದು ಅರ್ಥ. 1991ರಿಂದ 1995ರವರೆಗಿನ ಲೆಕ್ಕದಂತೆ, ಈ ಕಾಡು ಒಂದು ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ, ವರ್ಷಕ್ಕೆ 1.4ರಿಂದ 2.8 ಟನ್ನಿನಷ್ಟು ಇಂಗಾಲವನ್ನು ಉಳಿಸಿತು. ಒಂದು ವರ್ಷದ ಉಳಿತಾಯ ಇನ್ನೊಂದರ ಇಮ್ಮಡಿ! ಬೇಸಗೆಯ ಮೋಡ, ಅನಾವೃಷ್ಟಿ, ಎಲೆಯಿರುವ ದಿನಗಳ ಸಂಖ್ಯೆ ಇವುಗಳೊಡನೆ ಚಳಿಗಾಲದ ಹಿಮದ ದಪ್ಪವೂ ಈ ವ್ಯತ್ಯಾಸಕ್ಕೆ ಕಾರಣವೆಂದು 1996ರಲ್ಲಿ ವಿಜ್ಞಾನಿಗಳು ತೋರಿಸಿದರು.

ಹಾಗಾದರೆ ಹಿಮವು ತೆಳುವಾದಷ್ಟೂ ವೆಚ್ಚವು ತಗ್ಗಿ ಲಾಭವೇ ಅಲ್ಲವೆ ಎಂದು ಕೇಳಬಹುದು. ಅಷ್ಟು ಸುಲಭವಲ್ಲ. ನ್ಯೂ ಹ್ಯಾಂಪ್‌ಷಿರ್ ಸಂಸ್ಥಾನದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಹಿಮವನ್ನು ಸಲಿಕೆಯಿಂದ ತೆಗೆದು ಪರೀಕ್ಷಿಸಿದಾಗ, ಕಂಬಳಿ ಕಳೆದುಕೊಂಡ ಮಣ್ಣು ಹೆಪ್ಪುಗಟ್ಟಿ ಮರಗಳ ಎಳೆಬೇರುಗಳು ಸತ್ತವು. ಬೇರು ನೊಂದ ಮರವು ಮುಂದಿನ ಬೇಸಗೆಯಲ್ಲಿ ಗಳಿಸುವುದಾದರೂ ಹೇಗೆ? ಲೋಕದ ಶಾಖವು ಏರುತ್ತಿರುವ ಈ ಕಾಲದಲ್ಲಿ, ಚಳಿಗಾಲವು ಬೆಚ್ಚಗಾದಂತೆ ಹಿಮವು ತೆಳುವಾಗಿ, ನೆಲವು ಮಾತ್ರ ಹೆಚ್ಚು ತಣಿಯುವ ವಿಪರೀತವು ಇಂತಹ ಕಾಡುಗಳಿಗೆ ಒದಗಬಹುದು.

ಉತ್ತರಾರ್ಧಗೋಳದ ಗಿಡಮರ, ಮಣ್ಣುಗಳ ಉಸಿರೆಲ್ಲ ಒಟ್ಟುಗೂಡಿದ ಗುರುತನ್ನು 1958ರಿಂದ ಹವಾಯಿ ದ್ವೀಪದ ಮೌನಾ ಲೋವ ಪರ್ವತದ ಮೇಲೆ ಅಳೆದಿದ್ದಾರೆ. ಅಲ್ಲಿಯ ಗಾಳಿಯಲ್ಲಿ ಇಂಗಾಲಾಮ್ಲವಾಯುವು ಚಳಿಗಾಲವೆಲ್ಲ ಏರಿ, ಮೇ ತಿಂಗಳಲ್ಲಿ ತುದಿಮುಟ್ಟಿ, ಚಿಗುರು ಎಲೆಯಾದ ಮೇಲೆ ಇಳಿಯುತ್ತದೆ. ಗಾಳಿಗೆ ಸಂಸ್ಥಾನಗಳ ಎಲ್ಲೆಯಿಲ್ಲ. ಹಿಮದಡಿಯಲ್ಲಿ ಮಲಗಿದ ಆ ಕಾಡುಗಳ ಉಸಿರು ಕಾಲಕ್ರಮದಲ್ಲಿ ನಮ್ಮ ಹೊಲಗಳ ಮೇಲಿನ ಗಾಳಿಯನ್ನೂ ಸೇರುವುದೆಂಬುದನ್ನು ನಾವು ಮರೆಯಲಾಗದು.