ನಡುಕಡಲ ಮೇಲೆ ವಿಮಾನ ಎಲ್ಲಿದೆ?

ಮಂಗಳೂರಿನಿಂದ ದುಬಾಯಿಗೆ ವಿಮಾನ ಹೊರಟಿತು ಅಂತಿಟ್ಟುಕೊಳ್ಳಿ. ಕಾಸರಗೋಡಿನ ಎಷ್ಟೋ ಮನೆಗಳಿಗೆ ಇದು ಗೊತ್ತಿರುವ ದಾರಿ. ದಾರಿಯ ಬಹುಪಾಲು ಅರಬ್ಬಿ ಸಮುದ್ರ. ಅಲ್ಲಿ ಊರಿಲ್ಲ, ಮೈಲಿಗಲ್ಲಿಲ್ಲ. ಹಾಗಾದರೆ ವಿಮಾನ ಎಲ್ಲಿದೆ ಅಂತ ನೆಲದ ಮೇಲಿನವರಿಗೆ ಗೊತ್ತಾಗುವುದು ಹೇಗೆ?

ದಡದ ಹತ್ತಿರ ರೇಡಾರ್ ಇರುತ್ತದೆ. ಅದು ರೇಡಿಯೋ ಅಲೆ ಕಳಿಸಿ ವಿಮಾನವನ್ನು ಗುರುತಿಸುತ್ತದೆ. ಆದರೆ ಅಲೆ ನೇರವಾಗಿ ಹೋಗುತ್ತದೆ, ಭೂಮಿ ಗುಂಡಗಿದೆ. ಹಾಗಾಗಿ ಸುಮಾರು 400 ಕಿಲೋಮೀಟರ್ ಆಚೆಗೆ ವಿಮಾನ ಕಾಣಿಸುವುದಿಲ್ಲ. ಆಗ ಪೈಲಟ್ ರೇಡಿಯೋದಲ್ಲಿ "ಇಂಥಲ್ಲಿದ್ದೇವೆ" ಅಂತ ಬಾಯಿಂದಲೇ ಹೇಳಬೇಕು. ಗರಗರ ಸದ್ದಿನಲ್ಲಿ ಎಷ್ಟೋ ಸಲ ಮಾತು ಸರಿಯಾಗಿ ಕೇಳಿಸುವುದಿಲ್ಲ.

ಇದಕ್ಕೆ ಡೇಟಾಲಿಂಕ್ ಎಂಬ ಏರ್ಪಾಡು ಬಂತು. ಇದು ಉಪಗ್ರಹದ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವ ಚುಟುಕು ಸಂದೇಶ. ನೆಲದ ಕೇಂದ್ರ ಒಂದು ಸಲ ಕೇಳುತ್ತದೆ: "ಇಷ್ಟು ನಿಮಿಷಕ್ಕೊಮ್ಮೆ ತಿಳಿಸು." ಅಲ್ಲಿಂದ ವಿಮಾನದ ಕಂಪ್ಯೂಟರ್ ತಾನಿರುವ ಜಾಗ, ಎತ್ತರ, ಹೊತ್ತು ಎಲ್ಲವನ್ನೂ ತಾನಾಗಿಯೇ ಕಳಿಸುತ್ತದೆ. ಪೈಲಟ್ ಏನೂ ಒತ್ತಬೇಕಾಗಿಲ್ಲ. ವಿಮಾನ ದಾರಿ ಬಿಟ್ಟರೆ ಕೂಡಲೇ ತಿಳಿಸುವಂತೆಯೂ ಮಾಡಬಹುದು.

ಇದರ ಬೆಲೆ ಗೊತ್ತಾಗುವುದು ಕಷ್ಟ ಬಂದಾಗ. 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸಿಗೆ ಹೊರಟ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. 228 ಜನ ತೀರಿಕೊಂಡರು. ಅದು ಸುಮಾರು 10 ನಿಮಿಷಕ್ಕೊಮ್ಮೆ ತನ್ನ ಜಾಗ ತಿಳಿಸುತ್ತಿತ್ತು. ಆದರೆ 10 ನಿಮಿಷದಲ್ಲಿ ವಿಮಾನ 140 ಕಿಲೋಮೀಟರಿಗಿಂತ ಹೆಚ್ಚು ಹಾರುತ್ತದೆ! ಹುಡುಕುವ ಜಾಗ ಬಹಳ ದೊಡ್ಡದಾಯಿತು. 2011ರ ಏಪ್ರಿಲಿನಲ್ಲಿ ಅವಶೇಷ ಸಿಕ್ಕಿತು. ಕೊನೆಗೆ ತಿಳಿಸಿದ ಜಾಗದಿಂದ ಅದು ಸುಮಾರು 12 ಕಿಲೋಮೀಟರ್ ದೂರದಲ್ಲಿತ್ತು. ಆ ಸಂದೇಶವೂ ಇಲ್ಲದಿದ್ದರೆ ಎಲ್ಲಿ ಹುಡುಕುವುದು?

2014ರ ಮಾರ್ಚ್ 8ರಂದು ಹಾಗೇ ಆಯಿತು. 239 ಜನರಿದ್ದ ಮಲೇಶಿಯಾದ ವಿಮಾನ ಜಾಗ ತಿಳಿಸುವುದು ನಿಂತುಹೋಯಿತು. ಹತ್ತು ವರ್ಷ ಕಳೆದರೂ ವಿಮಾನದ ಮುಖ್ಯ ಭಾಗ ಸಿಗಲಿಲ್ಲ. ಮನೆಯವರು ಕಾಯುತ್ತಲೇ ಇದ್ದರು.

ಇದರಿಂದ ಲೋಕ ಪಾಠ ಕಲಿಯಿತು. 2018ರ ನವೆಂಬರಿನಿಂದ ಅಂತರರಾಷ್ಟ್ರೀಯ ನಿಯಮ ಬಂತು. ಸಮುದ್ರದ ಮೇಲೆ ಹಾರುವ ದೊಡ್ಡ ವಿಮಾನಗಳ ಜಾಗ ಕನಿಷ್ಠ 15 ನಿಮಿಷಕ್ಕೊಮ್ಮೆ ಕಂಪನಿಗೆ ಗೊತ್ತಾಗಬೇಕು. ದೂರದ ಊರಿಗೆ ಹೋದವರು "ಮುಟ್ಟಿದೆ" ಅಂತ ಫೋನ್ ಮಾಡುತ್ತಾರಲ್ಲ, ವಿಮಾನ ದಾರಿಯುದ್ದಕ್ಕೂ "ಇಲ್ಲಿದ್ದೇನೆ" ಅನ್ನುತ್ತಿರಬೇಕು.

ಉತ್ತರ ಹೇಳಿ:
1. ನಡುಕಡಲಲ್ಲಿರುವ ವಿಮಾನ ರೇಡಾರಿಗೆ ಏಕೆ ಕಾಣುವುದಿಲ್ಲ?
2. ಡೇಟಾಲಿಂಕ್ ಯಾವ ಯಾವ ಸಂಗತಿ ತಿಳಿಸುತ್ತದೆ?