ರೇವಾ: ಕಾರೋ, ಕಾರಿನಂಥದ್ದೋ?

ನಮ್ಮ ತರಗತಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಒಳ್ಳೆಯದೋ ಪೆಟ್ರೋಲ್ ಸ್ಕೂಟರ್ ಒಳ್ಳೆಯದೋ ಎಂಬ ಜಗಳ ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ಆ ಜಗಳದಲ್ಲಿ ಯಾರೂ ಹೆಸರೆತ್ತದ ಒಂದು ವಾಹನವಿದೆ. ನಾವು ಹುಟ್ಟುವ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ಪುಟ್ಟ ವಿದ್ಯುತ್ ಕಾರು ರೇವಾ. ಇಬ್ಬರು ದೊಡ್ಡವರು ಮುಂದೆ, ಇಬ್ಬರು ಮಕ್ಕಳು ಹಿಂದೆ, ಎರಡೇ ಬಾಗಿಲು. ಅದನ್ನು ಹೊಗಳಿದವರೂ ಇದ್ದರು, ರಸ್ತೆಗೆ ಬಿಡಲೇಬಾರದು ಎಂದವರೂ ಇದ್ದರು. ಇಬ್ಬರ ಮಾತಿನಲ್ಲೂ ನಮ್ಮ ಫಿಸಿಕ್ಸ್ ಪುಸ್ತಕದ ಒಂದೆರಡು ಅಧ್ಯಾಯ ಅಡಗಿದೆ.

ಇದರ ಹಿಂದಿದ್ದವರು ಬೆಂಗಳೂರಿನ ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಸೌರಶಕ್ತಿಯ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಮೆರಿಕದ ಸ್ಪರ್ಧೆ ಗೆದ್ದು, ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. 1994ರಲ್ಲಿ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಸೇರಿ ರೇವಾ ಕಂಪನಿ ಹುಟ್ಟುಹಾಕಿದವು. ಅಂದರೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ಒಂದರಿಂದ ಬೆಳೆದ ಆಸಕ್ತಿ ಇದು. ನಮ್ಮ ಸೈನ್ಸ್ ಎಕ್ಸಿಬಿಷನ್ ಮಾಡೆಲ್‌ಗಳನ್ನು ಮರುದಿನವೇ ಬಿಚ್ಚಿ ಎಸೆಯುವವರು ಇದನ್ನು ಗಮನಿಸಬೇಕು.

ಮೊದಲು ಬ್ಯಾಟರಿಯ ಲೆಕ್ಕ ನೋಡೋಣ. ರೇವಾದ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳಿದ್ದವು. ಮನೆಯ ಯುಪಿಎಸ್‌ನಲ್ಲಿ ಇರುತ್ತದಲ್ಲ, ಅದೇ ಜಾತಿ. ಒಟ್ಟು 48 ವೋಲ್ಟ್, 200 ಆಂಪಿಯರ್ ಅವರ್. ಗುಣಿಸಿದರೆ 9,600 ವ್ಯಾಟ್ ಅವರ್, ಎಂದರೆ 9.6 ಯೂನಿಟ್ ಕರೆಂಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಇರುತ್ತದೆ. ಹಾಗಾದರೆ ಕಾಲು ಟನ್ ತೂಕದ ಬ್ಯಾಟರಿ ಹೊತ್ತುಕೊಂಡು ಆ ಕಾರು ಸಾಗಿಸುತ್ತಿದ್ದದ್ದು ಒಂದು ಲೀಟರ್ ಪೆಟ್ರೋಲಿನ ಶಕ್ತಿಯನ್ನು! ಕೇಳಿದರೆ ನಗು ಬರುತ್ತದೆ. ಆದರೆ ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಹೊರಚೆಲ್ಲುತ್ತದೆ, ಮೋಟರು ಹೆಚ್ಚಿನ ಪಾಲನ್ನು ಚಕ್ರಕ್ಕೆ ಕೊಡುತ್ತದೆ. ಆದ್ದರಿಂದ ಅಷ್ಟೇ ಶಕ್ತಿಯಲ್ಲಿ ರೇವಾ ಸುಮಾರು 80 ಕಿ.ಮೀ. ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು.

ವೇಮಗಲ್‌ನಿಂದ ಕೋಲಾರಕ್ಕೆ ಹೋಗಿ, ಕೆಲಸ ಮುಗಿಸಿ ವಾಪಸ್ ಬರಲು ಅದು ಧಾರಾಳ. ಬೆಂಗಳೂರಿಗೆ ಹೋದರೆ ಮಾತ್ರ ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿಯಬೇಕಿತ್ತು, ಏಕೆಂದರೆ ಪೂರ್ತಿ ಚಾರ್ಜ್ ಆಗಲು ಎಂಟು ಗಂಟೆ ಬೇಕು. ಜೊತೆಗೆ ಲೆಡ್ ಆಸಿಡ್ ಬ್ಯಾಟರಿಗಳನ್ನು ಕೆಲವೇ ವರ್ಷಕ್ಕೊಮ್ಮೆ ಬದಲಾಯಿಸಬೇಕು, ಆ ಖರ್ಚು ಸಣ್ಣದಲ್ಲ.

ಈ ಕಾರಿಗೆ ನಮ್ಮಲ್ಲಿಗಿಂತ ಹೆಚ್ಚು ಹೆಸರು ಬಂದದ್ದು ಲಂಡನ್ನಿನಲ್ಲಿ. 2004ರಿಂದ ಅಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಲಂಡನ್ ನಗರದ ಮಧ್ಯಕ್ಕೆ ಕಾರು ತಂದವರು 2003ರಿಂದ ದಿನಕ್ಕೆ ಇಷ್ಟು ಎಂದು ಶುಲ್ಕ ಕಟ್ಟಬೇಕಿತ್ತು, ವಿದ್ಯುತ್ ವಾಹನಕ್ಕೆ ವಿನಾಯಿತಿ ಇತ್ತು. ಹೀಗಾಗಿ ದುಡ್ಡಿದ್ದವರೂ ಬೆಂಗಳೂರಿನ ಈ ಗೊಂಬೆಯಂಥ ಕಾರು ಕೊಂಡರು.

ಆದರೆ ಯುರೋಪಿನ ಕಾನೂನಿನ ಕಣ್ಣಲ್ಲಿ ಅದು ಕಾರಾಗಿರಲಿಲ್ಲ. ಬ್ಯಾಟರಿ ಬಿಟ್ಟು 400 ಕೆ.ಜಿ. ಮೀರದ, 15 ಕಿಲೋವ್ಯಾಟ್‌ಗಿಂತ ಹೆಚ್ಚು ಶಕ್ತಿಯಿಲ್ಲದ ನಾಲ್ಕು ಚಕ್ರದ ವಾಹನಕ್ಕೆ ಆಗ ಅಲ್ಲಿ ಕ್ವಾಡ್ರಿಸೈಕಲ್ ಎಂಬ ಬೇರೆಯೇ ವರ್ಗವಿತ್ತು. ಆ ವರ್ಗಕ್ಕೆ ಕಾರುಗಳಿಗೆ ಕಡ್ಡಾಯವಾದ ಕ್ರ್ಯಾಶ್ ಟೆಸ್ಟ್ ಇಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆ ತಾನೇ ಖರ್ಚು ಮಾಡಿ, ಗಂಟೆಗೆ 64 ಕಿ.ಮೀ. ವೇಗದಲ್ಲಿ ಅದನ್ನು ಡಿಕ್ಕಿ ಹೊಡೆಸಿ ನೋಡಿತು. ಒಳಗಿದ್ದವರಿಗೆ ತೀವ್ರ ಗಾಯಗಳಾಗುತ್ತವೆ ಎಂಬುದು ಫಲಿತಾಂಶ. ಬ್ರಿಟನ್ನಿನ ಸಾರಿಗೆ ಇಲಾಖೆಯೂ ತನ್ನದೇ ಪರೀಕ್ಷೆ ಮಾಡಿ ಆತಂಕ ತೋರಿಸಿತು. ಕಾನೂನು ಕೇಳಿದ್ದನ್ನೆಲ್ಲ ಪಾಲಿಸಿದ್ದೇವೆ, ಇದು ನಗರದ ನಿಧಾನ ಸಂಚಾರಕ್ಕೆ ಮಾಡಿದ ವಾಹನ ಎಂಬುದು ಕಂಪನಿಯ ವಾದ.

ಇಲ್ಲಿ ಫಿಸಿಕ್ಸ್ ಬರುತ್ತದೆ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. 40ರ ವೇಗದಲ್ಲಿ ಇರುವುದಕ್ಕಿಂತ 64ರಲ್ಲಿ ಶಕ್ತಿ ಎರಡೂವರೆ ಪಟ್ಟು. ದೊಡ್ಡ ಕಾರಿನ ಮುಂಭಾಗ ಮಡಚಿಕೊಂಡು ಆ ಶಕ್ತಿಯನ್ನು ನುಂಗುತ್ತದೆ. ರೇವಾದ ಒಟ್ಟು ಉದ್ದವೇ ಎರಡೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು, ಹೊರಮೈ ಪ್ಲಾಸ್ಟಿಕ್. ಮಡಚಿಕೊಳ್ಳಲು ಜಾಗವೆಲ್ಲಿ? ಇನ್ನೊಂದು ಲೆಕ್ಕ: 700 ಕೆ.ಜಿ.ಯ ಪುಟ್ಟ ಕಾರು, 1,400 ಕೆ.ಜಿ.ಯ ದೊಡ್ಡ ಕಾರು, ಎರಡೂ 50ರ ವೇಗದಲ್ಲಿ ಎದುರುಬದುರು ಬಂದು ಡಿಕ್ಕಿಯಾಗಿ ಅಂಟಿಕೊಂಡವು ಎನ್ನೋಣ. ಸಂವೇಗ ಸಂರಕ್ಷಣಾ ನಿಯಮದಂತೆ ಎರಡೂ ಸೇರಿ ದೊಡ್ಡ ಕಾರಿನ ದಿಕ್ಕಿನಲ್ಲಿ ಸುಮಾರು 17ರ ವೇಗದಲ್ಲಿ ಸಾಗುತ್ತವೆ. ದೊಡ್ಡ ಕಾರಿನವರ ವೇಗ ಬದಲಾದದ್ದು 33, ಪುಟ್ಟ ಕಾರಿನವರದ್ದು 67. ಅದೇ ರಸ್ತೆ, ಅದೇ ಅಪಘಾತ, ಆದರೆ ಹಗುರ ಗಾಡಿಯವರಿಗೆ ಎರಡು ಪಟ್ಟು ಹೊಡೆತ.

ಪರವಾಗಿ ಹೇಳುವವರಿಗೂ ಗಟ್ಟಿ ಮಾತಿದೆ. ರೇವಾವನ್ನು ದೊಡ್ಡ ಕಾರಿಗೆ ಏಕೆ ಹೋಲಿಸಬೇಕು, ಬೈಕಿಗೆ ಹೋಲಿಸಿ ಎನ್ನುತ್ತಾರೆ. ನಮ್ಮೂರಿನಲ್ಲಿ ಅಬ್ಬಾ, ಅಮ್ಮಿ, ಎರಡು ಮಕ್ಕಳು ಒಂದೇ ಬೈಕಿನಲ್ಲಿ ಮದುವೆಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ, ಹೋಗಿದ್ದೇವೆ ಕೂಡ. ಅವರಿಗೆ ರೇವಾ ಸಿಕ್ಕಿದ್ದರೆ ಸೀಟ್ ಬೆಲ್ಟ್ ಸಿಗುತ್ತಿತ್ತು, ತಲೆಯ ಮೇಲೆ ಸೂರು ಸಿಗುತ್ತಿತ್ತು. ಇದು ಸುಳ್ಳಲ್ಲ. ಆದರೆ ಬೈಕ್ ಹತ್ತುವವನಿಗೆ ತಾನು ಬಯಲಲ್ಲಿದ್ದೇನೆ ಎಂದು ಗೊತ್ತಿರುತ್ತದೆ. ನಾಲ್ಕು ಚಕ್ರ, ಬಾಗಿಲು, ಗಾಜು ಕಂಡವನು ತಾನು ಕಾರಿನಲ್ಲಿದ್ದೇನೆ ಎಂದೇ ನಂಬುತ್ತಾನೆ. ನನಗೆ ದೋಷ ಕಾಣುವುದು ಇಲ್ಲಿ. ಒಂಟೆ ಕಟ್ಟುವ ಹದೀಸ್ ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಕಟ್ಟಿದ ಹಗ್ಗ ಎಷ್ಟು ಗಟ್ಟಿ ಎಂದು ಸವಾರನಿಗೆ ಹೇಳಿರಬೇಕಲ್ಲವೇ?

ಟೀಕೆಯಿಂದ ಪ್ರಯೋಜನವೂ ಆಯಿತು. ಮುಂದಿನ ಮಾದರಿಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಡಿಕ್ಕಿಯಲ್ಲಿ ಕುಸಿಯುವ ಸ್ಟೀರಿಂಗ್ ಬಂದವು. 2009ರಲ್ಲಿ ಲಿಥಿಯಂ ಬ್ಯಾಟರಿಯ ಮಾದರಿ ಬಂದು ದೂರ 120 ಕಿ.ಮೀ.ಗೆ ಏರಿತು. ತಪ್ಪು ರೇವಾ ಒಂದರದ್ದೇ ಅಲ್ಲ ಎಂಬುದೂ ಆಮೇಲೆ ತಿಳಿಯಿತು: 2014ರಲ್ಲಿ ಯೂರೋ ಎನ್‌ಕ್ಯಾಪ್ ಸಂಸ್ಥೆ ಬೇರೆ ಕಂಪನಿಗಳ ನಾಲ್ಕು ಕ್ವಾಡ್ರಿಸೈಕಲ್‌ಗಳನ್ನು ಪರೀಕ್ಷಿಸಿದಾಗ ನಾಲ್ಕರಲ್ಲೂ ಗಂಭೀರ ಕೊರತೆ ಕಂಡವು.

2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಬಹುಪಾಲು ಷೇರು ಕೊಂಡಿತು. 2013ರಲ್ಲಿ ಇ2ಒ ಎಂಬ ಹೊಸ ಕಾರು ಬಂತು, ಸುಮಾರು 6 ಲಕ್ಷ ರೂಪಾಯಿ. ಅಷ್ಟು ಹಣಕ್ಕೆ ಪೆಟ್ರೋಲಿನ ದೊಡ್ಡ ಕಾರೇ ಬರುತ್ತದೆ ಎಂದು ಜನ ಲೆಕ್ಕ ಹಾಕಿದರು. 2019ರ ಹೊತ್ತಿಗೆ ಅದೂ ನಿಂತಿತು.

ನಮ್ಮ ತರಗತಿಯ ಜಗಳಕ್ಕೆ ನನ್ನ ಪಾಲು ಇಷ್ಟು: ಕೋಲಾರದ ಪೇಟೆಯೊಳಗೆ ಆ ಹಳೆಯ ರೇವಾ ಸಿಕ್ಕರೆ ಸಂತೋಷದಿಂದ ಓಡಿಸುತ್ತೇನೆ. ನರಸಾಪುರದ ಹತ್ತಿರ ಹೈವೇಯಲ್ಲಿ, ಕಂಟೇನರ್ ಲಾರಿಗಳ ನಡುವೆ, ಹತ್ತುವುದಿಲ್ಲ. ಮೈನಿಯವರು ಈಗ ಕಾರು ಬಿಟ್ಟು ಬ್ಯಾಟರಿಯನ್ನೇ ಹಿಡಿದಿದ್ದಾರೆ. 2017ರಲ್ಲಿ ಶುರುವಾದ ಸನ್ ಮೊಬಿಲಿಟಿ ಕಂಪನಿಯದ್ದು, ಆಟೋ ಮತ್ತು ಸ್ಕೂಟರಿನ ಖಾಲಿ ಬ್ಯಾಟರಿ ಕೊಟ್ಟು ತುಂಬಿದ ಬ್ಯಾಟರಿ ಪಡೆಯುವ ವ್ಯವಸ್ಥೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ಹಾಗೆ. ಎಂಟು ಗಂಟೆ ಕಾಯುವ ಕೆಲಸ ಅಲ್ಲಿ ಕೆಲವು ನಿಮಿಷದ್ದು.